ಮಂಡಿ ಬಗ್ಗಿಸಿಯೇ ಹಿಮ ಎತ್ತಿದೆ, ಆದರೂ ಸೊಂಟ ಹಿಡಿಯಿತು. ಯಾಕೆ?

ಪ್ರಶ್ನೆ: ನನಗೆ 46 ವರ್ಷ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಕಳೆದ ಚಳಿಗಾಲದಲ್ಲಿ ಒಂದು ದಿನ ರಾತ್ರಿಯಿಡೀ ಹಿಮ ಬಿದ್ದಿತ್ತು. ಆಫೀಸಿಗೆ ಹೊತ್ತಾಗುತ್ತೆ ಅಂತ ಬೆಳಿಗ್ಗೆ ಎದ್ದವನೇ ಸಲಿಕೆ ಹಿಡಿದು ಡ್ರೈವ್‌ವೇ (ಮನೆಯಿಂದ ರಸ್ತೆವರೆಗಿನ ಕಾರಿನ ದಾರಿ) ಪೂರ್ತಿ ಒಂದೇ ಉಸಿರಿಗೆ ತೆಗೆದೆ. ಎಲ್ಲರೂ ಹೇಳುವ ಹಾಗೆ ಮಂಡಿ ಬಗ್ಗಿಸಿಯೇ ಎತ್ತಿದ್ದೆ. ಕೊನೆಗೆ ರಸ್ತೆ ಅಂಚಿನ ದಿಬ್ಬ ತೆಗೆದು ಪಕ್ಕಕ್ಕೆ ಎಸೆಯುವಾಗ ಸೊಂಟದಲ್ಲಿ ಚಳಕ್ ಅಂತು. ಎರಡು ವಾರ ನೆಟ್ಟಗೆ ನಿಲ್ಲಲಾಗಲಿಲ್ಲ. ಸ್ನಾಯು ಹಿಡಿದುಕೊಂಡಿದೆ ಅಷ್ಟೇ ಅಂದರು ಡಾಕ್ಟರು. ಈಗ ಮತ್ತೆ ಚಳಿಗಾಲ ಬಂತು, ಸಲಿಕೆ ನೋಡಿದರೇ ಭಯ. ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡರೆ ಸಾಕಾ? ಬಾಗಿದ ಕಾವಿನ ಸಲಿಕೆ ತಗೋಬೇಕಾ? ಇನ್ನೊಂದು, 71 ವರ್ಷದ ನನ್ನ ತಂದೆ "ನಾನು ತೆಗೀತೀನಿ ಬಿಡು" ಅಂತಿದ್ದಾರೆ. ಬಿಡಬಹುದಾ?

ಉತ್ತರ: ನೀವು ಮಂಡಿ ಬಗ್ಗಿಸಿದ್ದು ತಪ್ಪಲ್ಲ. ಆದರೆ ಸಲಿಕೆ ಕೆಲಸದಲ್ಲಿ ಮಂಡಿಯೊಂದೇ ಸೊಂಟವನ್ನು ಕಾಯಲಾರದು. ನಿಮ್ಮ ಪ್ರಶ್ನೆಯಲ್ಲಿ ನಾಲ್ಕು ವಿಷಯ ನನ್ನ ಕಣ್ಣಿಗೆ ಬಿದ್ದವು. ಎದ್ದವನೇ ಹೊರಗೆ ಹೋದಿರಿ. ಒಂದೇ ಉಸಿರಿಗೆ ಮುಗಿಸಿದಿರಿ. ಎಲ್ಲಕ್ಕಿಂತ ಭಾರವಾದ ದಿಬ್ಬವನ್ನು ಸುಸ್ತಾದ ಮೇಲೆ ಎತ್ತಿದಿರಿ. ಎತ್ತಿದ್ದನ್ನು ಪಕ್ಕಕ್ಕೆ ತಿರುಗಿ ಎಸೆದಿರಿ. ನಿಮ್ಮ ನೋವಿನ ಕಾರಣ ಬಹುಪಾಲು ಈ ನಾಲ್ಕರಲ್ಲೇ ಇದೆ, ಮತ್ತು ನಾಲ್ಕನ್ನೂ ಬದಲಿಸಬಹುದು. ಫಿಸಿಯೋಥೆರಪಿಯ ನನ್ನ ಕೆಲಸದಲ್ಲಿ ಪ್ರತಿ ಚಳಿಗಾಲ ಇದೇ ಮಾತನ್ನು ಎಷ್ಟೋ ಜನರಿಗೆ ಹೇಳುತ್ತೇನೆ. ಬರುವವರಲ್ಲಿ ಹೆಚ್ಚಿನವರು "ಸರಿಯಾಗೇ ಎತ್ತಿದ್ದೆ" ಅಂತಲೇ ಮಾತು ಶುರು ಮಾಡುತ್ತಾರೆ.

ನೀವು ಒಬ್ಬರೇ ಅಲ್ಲ ಅನ್ನೋದೂ ಗೊತ್ತಿರಲಿ. ಅಮೆರಿಕದಲ್ಲಿ 1990ರಿಂದ 2006ರವರೆಗಿನ ತುರ್ತು ಚಿಕಿತ್ಸಾ ವಿಭಾಗಗಳ ಲೆಕ್ಕ ತೆಗೆದಾಗ, ಹಿಮ ತೆಗೆಯಲು ಹೋಗಿ ಪೆಟ್ಟು ಮಾಡಿಕೊಂಡು ಅಥವಾ ಕಾಯಿಲೆ ಬಿದ್ದು ಬಂದವರು ವರ್ಷಕ್ಕೆ ಸರಾಸರಿ 11,500 ಮಂದಿ. ಅವರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಪೆಟ್ಟಾಗಿದ್ದು ಸೊಂಟಕ್ಕೆ. ಜಾರಿ ಬಿದ್ದವರು ಐದರಲ್ಲಿ ಒಬ್ಬರಷ್ಟು. ಜಾರಿ ಬೀಳುವುದಕ್ಕಿಂತ ಜಾಸ್ತಿ ತೊಂದರೆ ಬಂದದ್ದು ಕೆಲಸದ ಶ್ರಮದಿಂದಲೇ.

ಹಿಮ ಹಗುರ ಅಂತ ನಾವು ಅಂದುಕೊಳ್ಳುತ್ತೇವೆ. ಆಗ ತಾನೇ ಬಿದ್ದ ಪುಡಿ ಹಿಮ ನಿಜಕ್ಕೂ ಹಗುರ. ಒಂದು ಘನ ಮೀಟರಿಗೆ 50ರಿಂದ 100 ಕೆಜಿ ಇರುತ್ತದೆ. ಅದೇ ಹಿಮ ಒದ್ದೆಯಾಗಿ ಕುಸಿದು ಕೂತರೆ 300 ಕೆಜಿಗೂ ಹೋಗಬಹುದು. ಒಂದು ಸಣ್ಣ ಡ್ರೈವ್‌ವೇ ತಗೊಳ್ಳಿ. 3 ಮೀಟರ್ ಅಗಲ, 10 ಮೀಟರ್ ಉದ್ದ, ಮೇಲೆ 15 ಸೆಂಟಿಮೀಟರ್ ಹಿಮ. ಒಟ್ಟು ನಾಲ್ಕೂವರೆ ಘನ ಮೀಟರ್ ಆಯಿತು. ಪುಡಿ ಹಿಮವಾದರೆ ಹೆಚ್ಚೆಂದರೆ 450 ಕೆಜಿ. ಒದ್ದೆ ಹಿಮವಾದರೆ 1,350 ಕೆಜಿ. ಸಲಿಕೆಗೆ 5 ಕೆಜಿಯಂತೆ ಹಿಡಿದರೂ 270 ಸಲ ಬಗ್ಗಿ ಎದ್ದ ಹಾಗಾಯಿತು. ವರ್ಷದ ಉಳಿದ ದಿನ ಕುರ್ಚಿಯಲ್ಲಿ ಕೂತ ಸೊಂಟಕ್ಕೆ ಒಂದೇ ಬೆಳಿಗ್ಗೆ ಇಷ್ಟು ಕೆಲಸ ಕೊಟ್ಟರೆ ಅದು ಹೇಗೆ ತಡೆದುಕೊಂಡೀತು?

ಇಷ್ಟಾದರೂ ತೂಕವೇ ಮುಖ್ಯ ಅಪರಾಧಿ ಅಲ್ಲ. ದೂರ ಮುಖ್ಯ. ತುಂಬಿದ ಬಕೆಟ್ಟನ್ನು ಹೊಟ್ಟೆಗೆ ಒತ್ತಿಕೊಂಡು ಹಿಡಿದರೆ ಸ್ವಲ್ಪ ಹೊತ್ತು ನಿಲ್ಲಬಹುದು. ಅದನ್ನೇ ತೋಳು ಚಾಚಿ ಹಿಡಿಯಿರಿ, ನಾಲ್ಕು ಕ್ಷಣದಲ್ಲಿ ಸೊಂಟ ಬೇಡ ಅನ್ನುತ್ತದೆ. ಸಲಿಕೆ ಅನ್ನೋದು ನಮ್ಮ ತೋಳನ್ನು ಇನ್ನೂ ಒಂದು ಮೀಟರ್ ಉದ್ದ ಮಾಡುವ ಸಾಧನ. ಬೆನ್ನನ್ನು ನೆಟ್ಟಗೆ ಹಿಡಿಯುವ ಸ್ನಾಯುಗಳು ಬೆನ್ನುಮೂಳೆಯ ಹಿಂದೆ, ಸುಮಾರು 5 ಸೆಂಟಿಮೀಟರ್ ದೂರದಲ್ಲಿ ಇವೆ. ಸಲಿಕೆಯ ತುದಿಯ ಹಿಮ ಸೊಂಟದಿಂದ ಒಂದು ಮೀಟರ್ ಆಚೆ ಇದ್ದರೆ, ಎರಡೂ ಕಡೆ ಎಷ್ಟೊಂದು ವ್ಯತ್ಯಾಸ ನೋಡಿ. ಉದ್ದ ತೋಳಿನ ಕಡೆ 5 ಕೆಜಿ ಇಟ್ಟರೆ, ಗಿಡ್ಡ ತೋಳಿನ ಕಡೆ ಸ್ನಾಯು 100 ಕೆಜಿ ಭಾರದಷ್ಟು ಎಳೆಯಬೇಕು. ಬಗ್ಗಿದ ನಿಮ್ಮ ಮೈಭಾರ ಇದಕ್ಕೆ ಸೇರಿಲ್ಲ. ಅದೇ ಹಿಮವನ್ನು ಅರ್ಧ ಮೀಟರ್ ಹತ್ತಿರಕ್ಕೆ ತಂದುಕೊಂಡರೆ ಆ ಎಳೆತ ಅರ್ಧಕ್ಕೆ ಇಳಿಯುತ್ತದೆ. ಹಿಮ ಒಂದು ಗ್ರಾಂ ಕೂಡ ಕಡಿಮೆಯಾಗಿಲ್ಲ, ಆದರೆ ಸೊಂಟಕ್ಕೆ ಅರ್ಧ ಭಾರ ಇಳಿದಿದೆ.

ಮಂಡಿಯ ವಿಷಯಕ್ಕೆ ಬರುತ್ತೇನೆ. ಜರ್ಮನಿಯ ಉಲ್ಮ್‌ನ ಸಂಶೋಧಕರು ಒಬ್ಬ ಸ್ವಯಂಸೇವಕರ ಸೊಂಟದ ಡಿಸ್ಕಿನೊಳಗೇ, ಅಂದರೆ ಬೆನ್ನಿನ ಎರಡು ಮೂಳೆಗಳ ನಡುವಿನ ಮೆತ್ತೆಯೊಳಗೇ, ಪುಟ್ಟ ಸೆನ್ಸರ್ ಇಟ್ಟು ಒತ್ತಡ ಅಳೆದು 1999ರಲ್ಲಿ ಪ್ರಕಟಿಸಿದರು. ಅಳೆದದ್ದು ಒಬ್ಬರನ್ನೇ, ಆದರೂ ಆ ಅಂಕಿಗಳು ಬಹಳ ಹೇಳುತ್ತವೆ. ಸುಮ್ನೆ ನಿಂತಾಗ ಒತ್ತಡ 0.5 ಮೆಗಾಪಾಸ್ಕಲ್. ಬೆನ್ನು ಗೂನು ಮಾಡಿ 20 ಕೆಜಿ ಎತ್ತಿದಾಗ 2.3. ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು ಎತ್ತಿದಾಗ 1.7. ಅಂದರೆ ಮಂಡಿ ಬಗ್ಗಿಸಿದ್ದರಿಂದ ಲಾಭ ಇದ್ದೇ ಇದೆ. ಈಗ ಮುಂದಿನದು ನೋಡಿ. ಅದೇ 20 ಕೆಜಿಯನ್ನು ನಿಂತುಕೊಂಡು ಮೈಗೆ ಒತ್ತಿ ಹಿಡಿದಾಗ 1.1. ಎದೆಯಿಂದ 60 ಸೆಂಟಿಮೀಟರ್ ದೂರ ಹಿಡಿದಾಗ 1.8. ನಿಂತೇ ಇದ್ದಾರೆ, ಬಗ್ಗಿಲ್ಲ. ದೂರ ಹಿಡಿದ ಒಂದೇ ಕಾರಣಕ್ಕೆ ಒತ್ತಡ ಅಷ್ಟು ಏರಿತು. ನೀವು ಮಂಡಿ ಬಗ್ಗಿಸಿ ಉಳಿಸಿದ್ದನ್ನು ಸಲಿಕೆಯ ಉದ್ದ ತಿಂದುಹಾಕಿತು.

ಮೂರನೆಯದು ತಿರುಚು. ಬಗ್ಗಿರುವಾಗಲೇ ಸೊಂಟ ತಿರುಗಿಸಿ, ಭುಜದ ಮೇಲಿಂದಲೋ ಪಕ್ಕಕ್ಕೋ ಎಸೆಯುವುದು. ಡಿಸ್ಕಿನ ಸುತ್ತ ಓರೆಯಾಗಿ ಹೆಣೆದ ನಾರುಗಳ ಪದರಗಳಿವೆ. ಒಂದು ಪದರ ಈ ಕಡೆಗೆ ಓರೆ, ಮುಂದಿನದು ಆ ಕಡೆಗೆ. ನೇರ ಒತ್ತಿದರೆ ಎಲ್ಲ ಪದರಗಳೂ ಭಾರ ಹಂಚಿಕೊಳ್ಳುತ್ತವೆ. ತಿರುಚಿದರೆ ಒಂದು ದಿಕ್ಕಿನ ನಾರುಗಳಷ್ಟೇ ಬಿಗಿಯುತ್ತವೆ, ಉಳಿದವು ಸಡಿಲವಾಗುತ್ತವೆ. ಬಗ್ಗಿ ತಿರುಚಿದಾಗ ಆಗುವುದು ಇನ್ನೂ ಕೆಟ್ಟದ್ದು. ಹಿಂಬದಿಯ ನಾರುಗಳು ಆಗಲೇ ಎಳೆದುಕೊಂಡಿರುತ್ತವೆ, ಅದರ ಮೇಲೆ ತಿರುಚು ಬೇರೆ. ಭಾರ ಎತ್ತುವ ಕೆಲಸಗಾರರಿಗೆಂದು ಅಮೆರಿಕದ ನಿಯೋಷ್ (ಕೆಲಸಗಾರರ ಸುರಕ್ಷತೆ, ಆರೋಗ್ಯದ ಸರ್ಕಾರಿ ಸಂಶೋಧನಾ ಸಂಸ್ಥೆ) ಮಾಡಿದ ಒಂದು ಲೆಕ್ಕವಿದೆ. ಅದರಲ್ಲಿ 90 ಡಿಗ್ರಿ ಪಕ್ಕಕ್ಕೆ ತಿರುಗಿ ಎತ್ತುವವರಿಗೆ ಸುರಕ್ಷಿತ ತೂಕದ ಮಿತಿಯನ್ನು ಸುಮಾರು 30% ಇಳಿಸುತ್ತಾರೆ. ಆ ಲೆಕ್ಕ ಕೈಯಲ್ಲಿ ಪೆಟ್ಟಿಗೆ ಎತ್ತುವವರಿಗೆ, ಸಲಿಕೆಗೆ ಅಲ್ಲ. ಆದರೂ ತಿರುಚಿಗೆ ಎಷ್ಟು ಬೆಲೆ ತೆರುತ್ತೇವೆ ಅನ್ನೋದು ಅದರಿಂದ ತಿಳಿಯುತ್ತೆ.

ಇನ್ನೊಂದು ಕಾರಣವನ್ನು ಬಹಳ ಜನ ಗಮನಿಸುವುದೇ ಇಲ್ಲ. ಅದು ಬೆಳಗಿನ ಹೊತ್ತು. ರಾತ್ರಿ ಮಲಗಿದಾಗ ಡಿಸ್ಕಿನ ಮೇಲೆ ಭಾರ ಇರುವುದಿಲ್ಲ. ಅದು ಸುತ್ತಲಿನ ನೀರಿನಂಶ ಹೀರಿಕೊಂಡು ಉಬ್ಬುತ್ತದೆ. ಬೆಳಿಗ್ಗೆ ಎದ್ದಾಗ ನಾವು ರಾತ್ರಿಗಿಂತ ಒಂದರಿಂದ ಎರಡು ಸೆಂಟಿಮೀಟರ್ ಎತ್ತರ ಇರುವುದು ಇದರಿಂದಲೇ. ಉಬ್ಬಿದ ಡಿಸ್ಕ್ ಬಿಗಿಯಾಗಿರುತ್ತದೆ, ಬಗ್ಗಿದಾಗ ಅದರ ನಾರುಗಳ ಮೇಲೆ ಎಳೆತ ಬಹಳ ಜಾಸ್ತಿ ಬೀಳುತ್ತದೆ. ಎದ್ದು ಓಡಾಡಿದ ಮೊದಲ ಒಂದು ಗಂಟೆಯೊಳಗೆ ಹೆಚ್ಚಿನ ನೀರು ಹೊರಗೆ ಹೋಗಿ ಡಿಸ್ಕ್ ಸಡಿಲಾಗುತ್ತದೆ. ಬೆಳಗಿನ ಹೊತ್ತು ಬಗ್ಗುವುದನ್ನು ಕಡಿಮೆ ಮಾಡಿದ ಸೊಂಟನೋವಿನವರಿಗೆ ನೋವಿನ ದಿನಗಳು ಕಡಿಮೆಯಾಗಿದ್ದನ್ನು ಅಧ್ಯಯನವೂ ತೋರಿಸಿದೆ. ಹಿಮ ತೆಗೆಯುವುದು ಅಂದರೆ ಹಾಸಿಗೆಯಿಂದ ನೇರ ಸಲಿಕೆಗೆ. ಡಿಸ್ಕಿಗೆ ಇದಕ್ಕಿಂತ ಕೆಟ್ಟ ಹೊತ್ತು ಸಿಗಲಾರದು. ಹಿಮದ ಮುನ್ಸೂಚನೆ ಇದ್ದ ದಿನ ಅಲಾರಂ ಒಂದು ಗಂಟೆ ಮುಂದಿಡಿ. ಎದ್ದು ಮನೆಯೊಳಗೆ ಓಡಾಡಿ, ಸ್ನಾನ ಮಾಡಿ, ನಿಂತುಕೊಂಡೇ ಕಾಫಿ ಕುಡಿಯಿರಿ. ಆಮೇಲೆ ಹೊರಗೆ ಹೋಗಿ. ಅಷ್ಟು ಸಮಯವೇ ಇಲ್ಲ ಅನ್ನುವ ದಿನ ಕಾರು ಹೊರಬರುವಷ್ಟು ದಾರಿ ಮಾತ್ರ ಬಿಡಿಸಿಕೊಳ್ಳಿ, ಉಳಿದದ್ದು ಸಂಜೆಗೆ ಇರಲಿ.

ಸಂಜೆಗೆ ಇಡುವುದಕ್ಕಿಂತಲೂ ಒಳ್ಳೆಯದು ಹಿಂದಿನ ರಾತ್ರಿಯೇ ಒಮ್ಮೆ ತೆಗೆಯುವುದು. ಹಿಮ ಬೀಳುತ್ತಿರುವಾಗಲೇ ಐದು ಸೆಂಟಿಮೀಟರ್ ಆದಾಗ ಒಮ್ಮೆ, ಇನ್ನೈದು ಆದಾಗ ಇನ್ನೊಮ್ಮೆ. "ಎರಡೆರಡು ಸಲ ಯಾಕೆ, ನಿಂತ ಮೇಲೆ ಒಟ್ಟಿಗೆ ತೆಗೆದರಾಯಿತು" ಅಂತ ಅನಿಸುವುದು ಸಹಜ. ಆದರೆ ಐದು ಸೆಂಟಿಮೀಟರ್ ಹಿಮವನ್ನು ಎತ್ತಬೇಕಾಗಿಲ್ಲ, ನೂಕಿದರೆ ಸಾಕು. ಹದಿನೈದು ಆದರೆ ನೂಕಲು ಬರುವುದಿಲ್ಲ, ಎತ್ತಲೇಬೇಕು. ಸೊಂಟ ಉಳಿಯುವುದು ಇಲ್ಲಿ. ನನ್ನನ್ನು ಒಂದೇ ಒಂದು ಸಲಹೆ ಕೊಡಿ ಅಂದರೆ ಇದನ್ನೇ ಕೊಡುತ್ತೇನೆ: ಎತ್ತುವ ಸಂದರ್ಭವನ್ನೇ ಕಡಿಮೆ ಮಾಡಿ.

ನೂಕುವುದಕ್ಕೂ ಒಂದು ರೀತಿ ಇದೆ. ಕಾವಿನ ತುದಿಯನ್ನು ಹೊಟ್ಟೆಗೆ ಆನಿಸಬೇಡಿ. ಹಿಮದಡಿಯ ಬಿರುಕಿಗೋ ಕಲ್ಲಿಗೋ ಸಲಿಕೆ ಗಕ್ಕನೆ ಸಿಕ್ಕಿಕೊಂಡರೆ ಅದು ಹೊಟ್ಟೆಗೇ ತಿವಿಯುತ್ತದೆ. ಎರಡೂ ಕೈ ಸೊಂಟದ ಎತ್ತರದಲ್ಲಿ ಇರಲಿ, ಮೊಣಕೈ ಪಕ್ಕೆಗೆ ಹತ್ತಿರ. ಒಂದು ಕಾಲು ಮುಂದೆ. ತೋಳಿನಿಂದ ಒತ್ತದೆ ಮೈಭಾರವನ್ನೇ ಮುಂದಕ್ಕೆ ಹಾಕಿ ನಡೆಯಿರಿ. ಡ್ರೈವ್‌ವೇಯ ನಡುವಿನಿಂದ ಶುರು ಮಾಡಿ ಎರಡೂ ಅಂಚಿಗೆ ನೂಕಿದರೆ ಪ್ರತಿ ಸಲ ನೂಕುವ ದೂರ ಅರ್ಧವಾಗುತ್ತದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ನೂಕುತ್ತಾ ಹೋದರೆ ಮುಂದೆ ಮುಂದೆ ಗುಡ್ಡ ಬೆಳೆದು, ಕೊನೆಯಲ್ಲಿ ಸಲಿಕೆ ಅಲುಗಾಡುವುದೇ ಇಲ್ಲ.

ಎತ್ತಲೇಬೇಕಾದ ಕಡೆ ಹೀಗೆ ಮಾಡಿ. ಮನೆಯೊಳಗೇ ಖಾಲಿ ಸಲಿಕೆ ಹಿಡಿದು ಓದುತ್ತಾ ಮಾಡಿ ನೋಡಿದರೆ ಬೇಗ ತಿಳಿಯುತ್ತೆ. ಹಿಮ ಎಲ್ಲಿಗೆ ಹೋಗಬೇಕೋ ಆ ದಿಕ್ಕಿಗೆ ಸಾಧ್ಯವಾದಷ್ಟು ಮುಖ ಮಾಡಿ ನಿಲ್ಲಿ. ಬಲಗೈ ಕಾವಿನ ಮೇಲಿನ ಹಿಡಿಯಲ್ಲಿದ್ದರೆ ಎಡಗೈ ಕೆಳಗೆ, ಅಲಗಿಗೆ ಹತ್ತಿರ. ಹೆಚ್ಚಿನವರು ತಪ್ಪುವುದು ಇಲ್ಲೇ. ಎರಡೂ ಕೈಗಳನ್ನು ಕಾವಿನ ಮೇಲ್ಭಾಗದಲ್ಲೇ ಹಿಡಿಯುತ್ತಾರೆ, ಯಾಕೆಂದರೆ ಆಗ ಕಡಿಮೆ ಬಗ್ಗಿದ ಹಾಗೆ ಅನಿಸುತ್ತದೆ. ಕೆಳಗಿನ ಕೈ ಅಲಗಿಗೆ ಹತ್ತಿರವಾದಷ್ಟೂ ಹಿಮ ನಿಮ್ಮ ಮೈಗೆ ಹತ್ತಿರವಾಗುತ್ತದೆ. ಎಡಗಾಲು ಮುಂದೆ ಇಡಿ. ಪೃಷ್ಠವನ್ನು ಹಿಂದಕ್ಕೆ ತಳ್ಳಿ, ಕೈಯಲ್ಲಿ ಸಾಮಾನಿದ್ದಾಗ ಹಿಂದಿನ ಬಾಗಿಲನ್ನು ಪೃಷ್ಠದಿಂದ ನೂಕಿ ಮುಚ್ಚುತ್ತೀವಲ್ಲ, ಹಾಗೆ. ಮಂಡಿ ತಾನಾಗಿಯೇ ಸ್ವಲ್ಪ ಬಗ್ಗುತ್ತದೆ, ಬೆನ್ನು ಹಲಗೆಯ ಹಾಗೆ ನೆಟ್ಟಗಿರುತ್ತದೆ. ಪೂರ್ತಿ ಕುಕ್ಕರುಗಾಲಿನಲ್ಲಿ ಕೂರುವ ಅಗತ್ಯ ಇಲ್ಲ, ಹಾಗೆ ಮುನ್ನೂರು ಸಲ ಮಾಡಲು ಯಾರ ಮಂಡಿಯೂ ಒಪ್ಪುವುದಿಲ್ಲ. ಈಗ ಎಡಗೈಯ ಮುಂಗೈಯನ್ನು ಎಡ ತೊಡೆಯ ಮೇಲೆ ಆನಿಸಿ. ಅಲಗನ್ನು ಹಿಮದಡಿಗೆ ತೂರಿಸಿ. ಬಲಗೈಯಿಂದ ಹಿಡಿಯನ್ನು ಕೆಳಕ್ಕೆ ಒತ್ತಿ. ತೊಡೆಯೇ ಆಧಾರವಾಗಿ ಅಲಗು ತಾನಾಗಿ ಮೇಲೇಳುತ್ತದೆ. ಸೊಂಟ ಎತ್ತಬೇಕಾದ ಕೆಲಸವನ್ನು ತೊಡೆ ಮತ್ತು ತೋಳು ಹಂಚಿಕೊಂಡವು. ಆಮೇಲೆ ಕಾಲಿನ ಬಲದಿಂದ ಮೇಲೇಳಿ, ಸಲಿಕೆಯನ್ನು ಮೈಗೆ ಹತ್ತಿರ ಹಿಡಿದು ನಡೆದು ಹೋಗಿ ಸುರಿಯಿರಿ. ಪಕ್ಕಕ್ಕೆ ಹಾಕಬೇಕಾದರೆ ಮೊದಲು ಪಾದ ತಿರುಗಲಿ. ಮೂಗು, ಹೊಕ್ಕುಳು, ಕಾಲಿನ ಹೆಬ್ಬೆರಳು, ಮೂರೂ ಒಂದೇ ದಿಕ್ಕಿಗೆ ನೋಡುತ್ತಿವೆಯಾ ಅಂತ ಪರೀಕ್ಷಿಸಿಕೊಳ್ಳಿ. ಹೊಕ್ಕುಳು ಒಂದು ಕಡೆ, ಪಾದ ಇನ್ನೊಂದು ಕಡೆ ಇದ್ದರೆ ಸೊಂಟ ತಿರುಚಿದೆ ಅಂತಲೇ ಅರ್ಥ.

ಹತ್ತು ಸಲಿಕೆಗೊಮ್ಮೆ ಕೈ ಬದಲಿಸಿ. ಎಡಗೈ ಮೇಲೆ, ಬಲಗೈ ಕೆಳಗೆ. ಮೊದಲೆರಡು ದಿನ ಗೊತ್ತಿಲ್ಲದ ಕೈಯಲ್ಲಿ ಬರೆದ ಹಾಗೆ ಇರುತ್ತದೆ. ಆದರೂ ಬಿಡಬೇಡಿ. ಒಂದೇ ಕಡೆಗೆ ಇನ್ನೂರು ಸಲ ಎಸೆದ ಬೆನ್ನು ಒಂದೇ ಕಡೆ ಸೋಲುತ್ತದೆ.

ಸಲಿಕೆ ತುಂಬ ತುಂಬಿಸುವ ಆಸೆಯನ್ನೂ ಬಿಡಬೇಕು. ಕೆನಡಾದ ಔದ್ಯೋಗಿಕ ಆರೋಗ್ಯ ಮತ್ತು ಸುರಕ್ಷತಾ ಕೇಂದ್ರದ ಸಲಹೆ ಹೀಗಿದೆ: ನಿಮಿಷಕ್ಕೆ ಹದಿನೈದು ಸಲಿಕೆಯಂತೆ ಬೇಗ ಬೇಗ ಎತ್ತುವವರು ಸಲಿಕೆಯ ತೂಕವೂ ಸೇರಿ 5ರಿಂದ 7 ಕೆಜಿ ಮೀರಬಾರದು. ಸಲಿಕೆಯೇ ಒಂದೂವರೆ ಎರಡು ಕೆಜಿ ಇದ್ದರೆ ಹಿಮಕ್ಕೆ ಉಳಿಯುವುದು ಮೂರರಿಂದ ಐದು ಕೆಜಿಯಷ್ಟು. 45 ಸೆಂಟಿಮೀಟರ್ ಅಗಲದ ಸಲಿಕೆಯಲ್ಲಿ ಒದ್ದೆ ಹಿಮ ರಾಶಿ ತುಂಬಿದರೆ ಅದೊಂದೇ 8 ಕೆಜಿ ಹತ್ತಿರ ಬರುತ್ತದೆ. ಹಾಗಾಗಿ ಪುಡಿ ಹಿಮಕ್ಕೆ ತುಂಬಿಸಿಕೊಳ್ಳಿ, ಒದ್ದೆ ಹಿಮಕ್ಕೆ ಅರ್ಧ ಸಾಕು. ಎಸೆಯುವ ದೂರ ಒಂದು ಮೀಟರ್ ಒಳಗಿರಲಿ. ಪಕ್ಕದ ರಾಶಿ ಸೊಂಟದೆತ್ತರ ಬೆಳೆದರೆ ಅದರ ಮೇಲೆ ಇನ್ನೂ ಎಸೆಯುವ ಬದಲು ಬೇರೆ ಕಡೆ ಹೊಸ ರಾಶಿ ಹಾಕಿ. ಚಳಿಗಾಲದ ಮೊದಲ ಹಿಮವನ್ನು ಡ್ರೈವ್‌ವೇ ಅಂಚಿನಿಂದ ಸಾಕಷ್ಟು ದೂರ ಹಾಕಿಟ್ಟರೆ ಮುಂದಿನ ತಿಂಗಳುಗಳಲ್ಲಿ ಹತ್ತಿರದ ಜಾಗ ಖಾಲಿ ಸಿಗುತ್ತದೆ. ಇದನ್ನು ಮರೆತವರು ಚಳಿಗಾಲದ ಕೊನೆಯಲ್ಲಿ ಎದೆಮಟ್ಟದ ಗೋಡೆಯ ಮೇಲೆ ಎಸೆಯುತ್ತಾ ಕಷ್ಟಪಡುತ್ತಾರೆ.

ಈಗ ನಿಮಗೆ ಪೆಟ್ಟು ಕೊಟ್ಟ ಆ ದಿಬ್ಬ. ರಸ್ತೆ ಸ್ವಚ್ಛ ಮಾಡುವ ಗಾಡಿ ಹಿಮವನ್ನು ಒತ್ತಿ ಒತ್ತಿ ಮನೆಗಳ ಮುಂದೆ ಬಿಟ್ಟು ಹೋಗುತ್ತದೆ. ಅದರಲ್ಲಿ ಕೆಸರುಹಿಮ, ಉಪ್ಪು ನೀರು, ಮಂಜುಗಡ್ಡೆಯ ಚೂರು ಎಲ್ಲ ಸೇರಿರುತ್ತದೆ. ಇಡೀ ಡ್ರೈವ್‌ವೇಯಲ್ಲಿ ಅದರಷ್ಟು ಭಾರದ ಹಿಮ ಇರುವುದಿಲ್ಲ. ಹೊತ್ತು ಹೋದ ಹಾಗೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅದನ್ನು ಕೊನೆಗೆ ಇಟ್ಟುಕೊಂಡಿರಿ, ಕಾಲು ಸೋತು ಎತ್ತುವ ಕೆಲಸ ಪೂರ್ತಿ ಸೊಂಟದ ಮೇಲೆ ಬಿದ್ದ ಹೊತ್ತಿನಲ್ಲಿ. ಇನ್ನು ಮೇಲೆ ಮೈ ಬಿಸಿಯಾದ ಕೂಡಲೇ, ಸುಸ್ತಾಗುವ ಮೊದಲೇ ಅದನ್ನು ಮುಗಿಸಿ. ಬುಡಕ್ಕೆ ಸಲಿಕೆ ತೂರಿಸಿ ಮೀಟಲು ಹೋಗಬೇಡಿ. ಗೋಡೆಯ ಇಟ್ಟಿಗೆ ಒಂದೊಂದೇ ಬಿಡಿಸಿದ ಹಾಗೆ ಮೇಲಿನಿಂದ ಪದರ ಪದರವಾಗಿ ಕತ್ತರಿಸಿ ತೆಗೆಯಿರಿ. ಗಡ್ಡೆ ಕಟ್ಟಿದ್ದರೆ ಮೊದಲು ಚಿಕ್ಕ ಕಬ್ಬಿಣದ ಸಲಿಕೆಯಿಂದ ಒಡೆದುಕೊಳ್ಳಿ. ಸಾಧ್ಯವಿದ್ದರೆ ಅರ್ಧ ಈಗ, ಅರ್ಧ ಒಂದು ಗಂಟೆ ಬಿಟ್ಟು.

ಬಿಡುವಿನ ಬಗ್ಗೆ: ಹದಿನೈದು ನಿಮಿಷ ಕೆಲಸ, ಎರಡು ಮೂರು ನಿಮಿಷ ಬಿಡುವು. ಬಿಡುವಿನಲ್ಲಿ ಸಲಿಕೆಗೆ ಒರಗಿ ಗೂನಾಗಿ ನಿಲ್ಲುವ ಅಭ್ಯಾಸ ಎಲ್ಲರಿಗೂ ಇದೆ, ಅದು ಬಿಡುವಲ್ಲ. ಬಗ್ಗಿ ಬಗ್ಗಿ ಕೆಲಸ ಮಾಡಿದಾಗ ಬೆನ್ನಿನ ಕಟ್ಟುಗಳು ನಿಧಾನವಾಗಿ ಹಿಗ್ಗುತ್ತವೆ, ಹಿಗ್ಗಿದ್ದು ಕೂಡಲೇ ಹಿಂದಕ್ಕೆ ಬರುವುದಿಲ್ಲ. ಸಲಿಕೆ ನೆಲಕ್ಕಿಟ್ಟು ನೆಟ್ಟಗೆ ನಿಂತು, ಕೈಗಳನ್ನು ಸೊಂಟದ ಹಿಂದೆ ಇಟ್ಟು ಐದಾರು ಸಲ ನಿಧಾನಕ್ಕೆ ಹಿಂದಕ್ಕೆ ಬಾಗಿ. ಕೆಲಸ ಮುಗಿಸಿ ಒಳಗೆ ಬಂದ ಕೂಡಲೇ ಸೋಫಾದಲ್ಲಿ ಕುಸಿದು ಕೂರುವುದೂ ಬೇಡ. ಹತ್ತು ನಿಮಿಷ ಓಡಾಡಿ, ಆಮೇಲೆ ಕೂತುಕೊಳ್ಳಿ. ಹೊರಗೆ ಹೋಗುವ ಮೊದಲೂ ಐದು ನಿಮಿಷ ಇಷ್ಟೇ: ಮನೆಯೊಳಗೆ ಜೋರು ನಡಿಗೆ, ತೋಳು ಬೀಸುವುದು, ಪೃಷ್ಠ ಹಿಂದೆ ತಳ್ಳಿ ಬಗ್ಗುವ ಆ ಚಲನೆ ಹತ್ತು ಸಲ.

ಇನ್ನು ಸಲಿಕೆ. ಬಾಗಿದ ಕಾವಿನ ಸಲಿಕೆಯಲ್ಲಿ ಬೆನ್ನು ಬಗ್ಗುವುದು ಕಡಿಮೆಯಾಗುತ್ತದೆ, ಇದು ಅಳೆದು ನೋಡಿದ ಮಾತು. ಆದರೆ ಎಸೆಯುವಾಗ ಅದು ಕೈಯಲ್ಲಿ ಹೊರಳುತ್ತದೆ, ಕೆಲವರಿಗೆ ಮಣಿಕಟ್ಟು ನೋಯುತ್ತದೆ. ನೇರ ಕಾವಿಗೆ ಮಧ್ಯದಲ್ಲಿ ಸಿಕ್ಕಿಸುವ ಎರಡನೇ ಹಿಡಿ ಸಿಗುತ್ತದೆ, ಕೆಳಗಿನ ಕೈ ಬಗ್ಗದೆಯೇ ಭಾರ ಎತ್ತಲು ಅದು ಸಹಾಯ. ನನ್ನ ಆಯ್ಕೆ ಹೇಳಬೇಕೆಂದರೆ, ಒಂದೇ ಸಲಿಕೆಯಲ್ಲಿ ಎಲ್ಲ ಮಾಡಲು ಹೋಗಬೇಡಿ. ನೂಕಲು ಅಗಲವಾದದ್ದು ಒಂದು, ಎತ್ತಲು ಚಿಕ್ಕದು ಒಂದು. ಅಗಲ ಸಲಿಕೆಯಲ್ಲಿ ಎತ್ತಿದವರದ್ದೇ ಸೊಂಟ ಹೆಚ್ಚು ಹಿಡಿಯುವುದನ್ನು ನೋಡಿದ್ದೇನೆ. ಎತ್ತುವ ಸಲಿಕೆ ಪ್ಲಾಸ್ಟಿಕ್ಕಿನದೋ ಅಲ್ಯುಮಿನಿಯಮ್ಮಿನದೋ ಇರಲಿ, ಹಗುರ ಮುಖ್ಯ. ನಿಲ್ಲಿಸಿ ಹಿಡಿದರೆ ಕಾವು ನಿಮ್ಮ ಎದೆಮಟ್ಟಕ್ಕೆ ಬರಲಿ. ಮನೆಯಲ್ಲಿ ಎತ್ತರದವರೂ ಗಿಡ್ಡವರೂ ಇದ್ದರೆ ಒಬ್ಬರಿಗೆ ಹೊಂದಿದ್ದು ಇನ್ನೊಬ್ಬರಿಗೆ ಹೊಂದುವುದಿಲ್ಲ. ಅಲಗಿಗೆ ಮೇಣ ಅಥವಾ ಸಿಲಿಕೋನ್ ಸ್ಪ್ರೇ ಸವರಿ. ಒದ್ದೆ ಹಿಮ ಅಂಟಿಕೊಂಡರೆ ಅದನ್ನು ಕೊಡವಲು ಸಲಿಕೆಯನ್ನು ಝಾಡಿಸುತ್ತೇವೆ, ಆ ಝಾಡಿಸುವ ಎಳೆತವೂ ಸೊಂಟಕ್ಕೇ.

ಬೂಟಿನ ತಳ ಹಿಡಿತದ್ದಾಗಿರಲಿ. ಕಾಲು ಜಾರಿ ಬೀಳದಿದ್ದರೂ, ಬೀಳದ ಹಾಗೆ ಮೈ ತಡೆದುಕೊಳ್ಳುವ ಆ ಗಕ್ಕನೆಯ ಎಳೆತದಲ್ಲೇ ಎಷ್ಟೋ ಬೆನ್ನು ಉಳುಕುತ್ತದೆ. ನೆಲಕ್ಕೆ ಮರಳು ಹಾಕಿ, ಇಲ್ಲವೇ ಉಪ್ಪು. ಸಾಮಾನ್ಯ ಉಪ್ಪು ಸುಮಾರು ಮೈನಸ್ 9 ಡಿಗ್ರಿಗಿಂತ ಕೆಳಗೆ ಹೆಚ್ಚು ಕೆಲಸ ಮಾಡುವುದಿಲ್ಲ, ಆಗ ಮರಳೇ ಗತಿ. ಹಿಮ ಬೀಳುವ ಮೊದಲೇ ತೆಳ್ಳಗೆ ಉಪ್ಪು ಉದುರಿಸಿದರೆ ಹಿಮ ನೆಲಕ್ಕೆ ಕಚ್ಚುವುದಿಲ್ಲ, ನೂಕಲು ಸಲೀಸು.

ಬೆಲ್ಟ್ ಬೇಡ. ಅದೇ ನಿಯೋಷ್ ಸಂಸ್ಥೆ ಭಾರ ಎತ್ತುವ ಅಂಗಡಿ ಕೆಲಸಗಾರರ ಮೇಲೆ ದೊಡ್ಡ ಅಧ್ಯಯನ ನಡೆಸಿ 2000ದಲ್ಲಿ ಪ್ರಕಟಿಸಿತು. ಬೆಲ್ಟ್ ಕಟ್ಟಿದವರಲ್ಲೂ ಕಟ್ಟದವರಲ್ಲೂ ಬೆನ್ನಿನ ಪೆಟ್ಟು ಒಂದೇ ರೀತಿ ಇತ್ತು. ನನಗೆ ಅದರಲ್ಲಿ ಕಾಣುವ ಅಪಾಯವೆಂದರೆ, ಕಟ್ಟಿಕೊಂಡವರು ಧೈರ್ಯ ಬಂದು ಜಾಸ್ತಿ ಎತ್ತುತ್ತಾರೆ. ಅದರ ಬದಲು ಚಳಿಗಾಲಕ್ಕೆ ಆರೆಂಟು ವಾರ ಮೊದಲೇ ಮೈ ಸಿದ್ಧ ಮಾಡಿ. ದಿನಕ್ಕೆ ಅರ್ಧ ಗಂಟೆ ಜೋರು ನಡಿಗೆ. ವಾರಕ್ಕೆ ಮೂರು ದಿನ ಒಂದೊಂದು ಕೈಯಲ್ಲಿ ಭಾರದ ಚೀಲ ಹಿಡಿದು, ಮೈ ಓರೆಯಾಗದಂತೆ ನಡೆಯುವುದು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಹತ್ತು ಹತ್ತರಂತೆ ಎರಡು ಮೂರು ಸುತ್ತು. ಈಗಾಗಲೇ ಚಳಿಗಾಲ ಬಂದಿದ್ದರೂ ಶುರು ಮಾಡಿ, ತಡವಾಗಿಲ್ಲ. ಒಮ್ಮೆ ಸೊಂಟ ಹಿಡಿದವರು ಭಯಕ್ಕೆ ಬಗ್ಗುವುದನ್ನೇ ಬಿಡುತ್ತಾರೆ. ಆಗ ಸ್ನಾಯು ಇನ್ನೂ ಸೋಲುತ್ತದೆ, ಮುಂದಿನ ಸಲ ಇನ್ನೂ ಬೇಗ ಹಿಡಿಯುತ್ತದೆ. ಮೊದಲ ಹಿಮದ ದಿನ ಐದೇ ನಿಮಿಷ ಕೆಲಸ ಮಾಡಿ ಒಳಗೆ ಬನ್ನಿ. ಮರುದಿನ ಸೊಂಟ ಏನು ಹೇಳುತ್ತದೋ ಕೇಳಿ, ಆಮೇಲೆ ಹತ್ತು ನಿಮಿಷ.

ಅಕಸ್ಮಾತ್ ಮತ್ತೆ ಚಳಕ್ ಅಂದರೆ ಅಲ್ಲೇ ಸಲಿಕೆ ಬಿಡಿ. "ಇನ್ನೊಂದು ಮೂಲೆ ಅಷ್ಟೇ" ಅನ್ನಬೇಡಿ. ಒಳಗೆ ಬಂದು ಬಿಸಿ ಶಾಖ ಕೊಡಿ. ಒಂದೆರಡು ದಿನ ಭಾರದ ಕೆಲಸ ಬಿಡಿ, ಆದರೆ ಹಾಸಿಗೆ ಹಿಡಿಯಬೇಡಿ. ಆಗುವಷ್ಟು ಓಡಾಡುವವರೇ ಬೇಗ ಚೇತರಿಸಿಕೊಳ್ಳುತ್ತಾರೆ. ಹೆಚ್ಚಿನ ಸೊಂಟನೋವು ಕೆಲವು ವಾರಗಳಲ್ಲಿ ತಾನಾಗೇ ಇಳಿಯುತ್ತದೆ. ಆದರೆ ತೊಡೆ ಸಂದಿ, ಗುದದ ಸುತ್ತ ಮರಗಟ್ಟಿದ ಹಾಗಾದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿಕೊಂಡರೆ, ಕಾಲಿನ ಶಕ್ತಿ ಕಡಿಮೆಯಾಗುತ್ತಾ ಹೋದರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಹೋಗಿ. ಬೆನ್ನುಹುರಿಯ ಕೆಳತುದಿಯ ನರಗಳು ಒತ್ತಿಹೋಗಿರಬಹುದು, ಅದಕ್ಕೆ ತುರ್ತು ಚಿಕಿತ್ಸೆ ಬೇಕು.

ಕೊನೆಯದಾಗಿ ನಿಮ್ಮ ತಂದೆ. ಇಲ್ಲಿ ಬೆನ್ನಿಗಿಂತ ದೊಡ್ಡ ವಿಷಯ ಹೃದಯ. ಮೊದಲು ಹೇಳಿದ ಅಮೆರಿಕದ ಆ ಲೆಕ್ಕದಲ್ಲಿ ಹೃದಯದ ತೊಂದರೆಯಿಂದ ಬಂದವರು ನೂರಕ್ಕೆ ಏಳು ಮಂದಿ ಅಷ್ಟೇ. ಆದರೆ ಸಾವುಗಳೆಲ್ಲ ಅವರಲ್ಲೇ. 1995ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ವ್ಯಾಯಾಮದ ಅಭ್ಯಾಸವಿಲ್ಲದ, ಆದರೆ ಆರೋಗ್ಯವಂತರಾದ 10 ಗಂಡಸರಿಂದ ಒದ್ದೆ ಹಿಮ ತೆಗೆಸಿದರು. ಅವರಿಗೆ ಇನ್ನೂ ವಯಸ್ಸಾಗಿರಲಿಲ್ಲ. ಆದರೂ ಎರಡೇ ನಿಮಿಷದಲ್ಲಿ ಎದೆಬಡಿತ ಅವರವರ ಗರಿಷ್ಠ ಮಟ್ಟದ 85% ದಾಟಿತ್ತು. ಸಲಿಕೆ ಕೆಲಸದಲ್ಲಿ ತೋಳಿನ ಶ್ರಮ ಜಾಸ್ತಿ, ಉಸಿರು ಬಿಗಿಹಿಡಿದು ಎತ್ತುತ್ತೇವೆ, ತಣ್ಣನೆ ಗಾಳಿಗೆ ರಕ್ತನಾಳ ಕಿರಿದಾಗುತ್ತದೆ. ಮೂರೂ ಸೇರಿ ರಕ್ತದೊತ್ತಡ ಏರುತ್ತದೆ. ಹಾಗಾಗಿ 71ರ ಹರೆಯದಲ್ಲಿ, ಇದೇ ಕೆಲಸವನ್ನು ದಿನವೂ ಮಾಡುತ್ತಿಲ್ಲದವರು, ಡಾಕ್ಟರಿಗೆ ತೋರಿಸದೆ ಸಲಿಕೆ ಹಿಡಿಯಬಾರದು. ಹೃದಯದ ತೊಂದರೆ, ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ಪ್ರಶ್ನೆಯೇ ಇಲ್ಲ, ಬೇಡ. ಈ ಮಾತು ನಿಮಗೂ ಸೇರಿದ್ದು. ಕೂತು ಕೆಲಸ ಮಾಡುವ 46ರವರು ನೀವು. ಎದೆ ಬಿಗಿಯುವುದು, ಎಡತೋಳು ಅಥವಾ ದವಡೆಗೆ ನೋವು ಹರಿಯುವುದು, ತಲೆ ಸುತ್ತುವುದು, ಬೆವರಿ ಉಸಿರು ಸಾಲದಿರುವುದು, ಇವುಗಳಲ್ಲಿ ಒಂದಾದರೂ ಬಂದರೆ ಕೆಲಸ ನಿಲ್ಲಿಸಿ ಕೂಡಲೇ ಆಂಬುಲೆನ್ಸ್ ಕರೆಸಿ.

ತಂದೆಗೆ ಸುಮ್ನೆ ಕೂತಿರಿ ಅಂದರೆ ಮನಸ್ಸಿಗೆ ನೋವಾಗುತ್ತೆ, ಅದು ನನಗೂ ಗೊತ್ತು. ಅವರಿಗೆ ಒಂದು ಕೆಲಸ ಕೊಡಿ. ಬೆಚ್ಚಗೆ ಕಿಟಕಿ ಹತ್ತಿರ ಕೂತು ಗಡಿಯಾರ ನೋಡಲಿ. ಹದಿನೈದು ನಿಮಿಷಕ್ಕೊಮ್ಮೆ ಗಾಜು ತಟ್ಟಿ ನಿಮ್ಮನ್ನು ಒಳಗೆ ಕರೆಯಲಿ. ತಟ್ಟಿದ ಕೂಡಲೇ, ಅರ್ಧ ತುಂಬಿದ ಸಲಿಕೆಯನ್ನು ಅಲ್ಲೇ ಬಿಟ್ಟು ಒಳಗೆ ಬನ್ನಿ.